ಗುಜರಿಗೆ ಹೊರಟ ಲೇತ್

ನನ್ನ ಗಂಡ ಮಾರಪ್ಪ ಸತ್ತ ಮೇಲೆ ಸಾಗರದ ನಮ್ಮ ವರ್ಕ್‌ಶಾಪಿನಲ್ಲಿ ಹೇಳಿದ ಮಾತು ಕೇಳುತ್ತಿದ್ದುದು ಕಬ್ಬಿಣ ಕಡೆಯುವ ಅವರ ಲೇತ್ ಮಿಷನ್ ಒಂದೇ. ಮಗ ದಿನೇಶ ಯಾವತ್ತೂ ಕೇಳಿದವನಲ್ಲ. ಅಂಥ ಮಿಷನ್ನನ್ನು ಒಯ್ಯಲು ಅವನು ಗುಜರಿಯ ಶಂಭುವನ್ನು ಟೆಂಪೊ ಸಮೇತ ಕರೆಸಿಬಿಟ್ಟಿದ್ದ. ನನ್ನ ನೆತ್ತಿಯ ಮೇಲೆ ಅಕ್ಕಿ ಇಟ್ಟಿದ್ದರೆ ಅನ್ನವಾಗಿ ಉಕ್ಕುತ್ತಿತ್ತು, ಅಷ್ಟು ಸಿಟ್ಟು.

"ಎಂತ ಆಗೈತೋ ಅದ್ಕೆ?" ಅಂತ ಮಗನನ್ನು ಕೇಳಿದೆ.

"ವಯಸ್ಸಾಗೈತಮ್ಮ. ಮುಂಚೆ ತಾನೇ ಎಣ್ಣೆ ಬಿಟ್ಕಳ್ತಿತ್ತು. ಈಗ ಒಂದು ಹನಿ ಬರಲ್ಲ. ಒಣಗಿ ಹಿಡ್ಕಳ್ತದೆ. ನಿಟ್ಟೂರಿನೋರ ಟಿಲ್ಲರ್ ಶಾಫ್ಟ್ ಕಡೆಯಾಕೆ ಹೋಗಿ ಹಾಳಾತು."

"ವಯಸ್ಸಾದ್ರೆ ಗುಜರಿಗಾ? ಹಂಗಾರೆ ಶಂಭು, ಮೊದ್ಲು ನನ್ನ ಹತ್ತಿಸ್ಕಳಾ."

"ಬ್ಯಾಡ ಗುತ್ಯಮ್ಮ, ಶಿವಮೊಗ್ಗ ಮುಟ್ಟೋತಂಕ ಯಾರು ಬೈಸ್ಕಳಾದು?" ಅಂದ ಶಂಭು.

ನಾನು ಲೇತಿಗೆ ಬೆನ್ನು ಕೊಟ್ಟು ನಿಂತೆ. "ಎಣ್ಣೆ ಡಬ್ಬಿ ಬಿಚ್ಚೋ. ನೋಡ್ದೇನೇ ಹೆಣ ಹೊರ್ತೀಯಾ?"

ದಿನೇಶ ಗೊಣಗುತ್ತಲೇ ಬಿಚ್ಚಿದ. ತಳದ ಜಾಲರಿಯ ಮೇಲೆ ಹಲಸಿನ ಮೇಣದಂಥ ಗಟ್ಟಿ ಜಿಡ್ಡು. ಬೆರಳಿಟ್ಟೆ. ಜೋರಾಗಿ ಎಳೆದಿದ್ದರೆ ಇಡೀ ವರ್ಕ್‌ಶಾಪೇ ಬೆರಳಿನ ಜೊತೆ ಬರುತ್ತಿತ್ತು. ಮೂಸಿದೆ.

"ಇದು ಮಿಷನ್ ಎಣ್ಣೆ ಅಲ್ಲ, ದೀಪದ ತಳದ ಜಿಡ್ಡು. ದಿನಾ ಉಜ್ಜೋಳಿಗೆ ಗೊತ್ತಾಗಲ್ವಾ?"

ದಿನೇಶ ಸ್ಪ್ಯಾನರ್ ಹುಡುಕುವವನಂತೆ ಬಗ್ಗಿದ. ಬಾಗಿಲಲ್ಲಿ ನಿಂತಿದ್ದ ಸೊಸೆ ಆಶಾ ನಗು ತಡೆದುಕೊಂಡು ಹೇಳಿದಳು: "ಆಯುಧಪೂಜೆ ದೀಪದಾಗೆ ಉಳಿದ ಎಣ್ಣೆನ ವರ್ಷಾ ವರ್ಷ ಅದ್ರೊಳಗೇ ಹುಯ್ತಾರತ್ತೆ. ದೇವ್ರ ಎಣ್ಣೆ ಚೆಲ್ಲಬಾರ್ದಂತೆ."

"ಅಯ್ಯೋ ಮಾಣಿಕ್ಯವೇ! ಎಳ್ಳೆಣ್ಣೆ ಹುಯ್ದು ಅದ್ರ ಗಂಟಲು ಕಟ್ಟಿಸ್ದೋನು ನೀನು. ಈಗ ಮುದಿಯಾತು ಅಂತ ಅದ್ಕೇ ಹೆಸರಿಡ್ತೀಯಾ?"

ಶಂಭುವೂ ಸುಮ್ಮನೆ ನಿಲ್ಲಲಾರದೆ ಕೈ ಹಾಕಿದ. ಎಣ್ಣೆ ಹರಿಯುವ ಸಣ್ಣ ತಾಮ್ರದ ಪೈಪುಗಳನ್ನೆಲ್ಲ ಬಿಚ್ಚಿ ಡೀಸೆಲ್‌ನಲ್ಲಿ ನೆನೆಹಾಕಿದರು. ತಂತಿ ತೂರಿಸಿದರು, ಕಂಪ್ರೆಸರ್ ಗಾಳಿ ಹೊಡೆದರು. ಒಂದೊಂದು ಪೈಪಿನಿಂದ ಹೊರಬಿದ್ದ ಕೊಳೆಯಲ್ಲಿ ಕೆಳದಿ ಕೆರೆಯನ್ನೇ ಹೂಳಬಹುದಿತ್ತು. ಆಮೇಲೆ ಹೊಸ ಮಿಷನ್ ಎಣ್ಣೆ ತುಂಬಿ ಪಂಪ್ ಒತ್ತಿದರು. ಎಲ್ಲಾ ಕಡೆ ಎಣ್ಣೆ ಜಿನುಗಿತು, ಮುಂದಿನ ಮೂಲೆಯೊಂದು ಬಿಟ್ಟು.

"ಅಲ್ಲಿಗೆ ಕೈಯಾಗೇ ಬಿಡ್ತೀನಿ, ಸಾಕು ಬಿಡಮ್ಮ," ಅಂದ ದಿನೇಶ.

"ನಿನ್ನ ಮೂಗಿನ ಒಂದು ಹೊಳ್ಳೆ ಕಟ್ಟಿದ್ರೆ ಇನ್ನೊಂದು ಸಾಕು ಅಂತೀಯೇನೋ? ಬಿಚ್ಚು!"

ನೆಲದ ಮೇಲೆ ಅಂಗಾತ ಮಲಗಿ ಬಿಚ್ಚಿದ. ಪೈಪಿನ ಬಾಯಲ್ಲಿ ದೀಪದ ಬತ್ತಿಯ ಚೂರು ಸಿಕ್ಕಿಕೊಂಡಿತ್ತು! ಅದನ್ನು ಕಿತ್ತು ಮತ್ತೆ ಜೋಡಿಸಿ ಪಂಪ್ ಒತ್ತಿದಾಗ ಆ ಮೂಲೆಯೂ ಒದ್ದೆಯಾಯಿತು. ಲೇತ್ ಚಾಲೂ ಮಾಡಿದ. ಕೀರ್ ಅನ್ನಲಿಲ್ಲ, ತಡವರಿಸಲಿಲ್ಲ. ನೀರಿನಲ್ಲಿ ಹಾವು ಸರಿದ ಹಾಗೆ ಸರಿಯಿತು.

ಶಂಭು ಖಾಲಿ ಟೆಂಪೊ ತಿರುಗಿಸಿಕೊಂಡ. ದಿನೇಶ ಎಣ್ಣೆ ಕೈಯಲ್ಲೇ ನನ್ನ ಕಾಲು ಮುಟ್ಟಲು ಬಂದ.

"ನನ್ನ ಕಾಲಿಗೆ ಯಾಕೋ? ಉಸಿರು ಕಟ್ಟಿದ್ದು ಅದ್ಕೆ."

ಹೆಂಡತಿ ನಗುತ್ತಿದ್ದರೂ ಲೇತಿನ ಮುಂದೆ ನಿಂತು ಕೈ ಮುಗಿದ.

"ಹಾಂ, ಅಷ್ಟೇ ಮಾಡು," ಅಂದೆ. "ಎಂತದನ್ನೂ ಹುಯ್ಯಬೇಡ."