ಇಲ್ಲದವಳ ಕೂಗು

ಆ ಕಪ್ಪುನೀರಿನ ಹೊಳೆಯ ದಡದಲ್ಲಿ ಚೊಚ್ಚಲ ಕೂಸು ಹುಟ್ಟಿದ ಮೇಲೆ ಹೆಂಗಸಿನ ಹೆಸರು ಅಲ್ಲಿಗೆ ಮುಗಿಯಿತು. ಕೂಸಿನ ಹೆಸರೇ ಅವಳಿಗೂ. ಎಲ್ಸಿ ಹುಟ್ಟಿದ ಮೇಲೆ ಅವಳು ಎಲ್ಸಿಯವ್ವ. ಎಲ್ಸಿ ಹೊಗೆ ಕುಡಿದು ಸತ್ತ ಮೇಲೂ ಎಲ್ಸಿಯವ್ವನೇ. ಕರೆಯುವವರಿಗೇನು, ಕರೆದುಬಿಡುತ್ತಾರೆ, ಪ್ರತಿ ಸಲ ಕರುಳು ಕಿವುಚಿಸಿಕೊಳ್ಳುವವಳು ಅವಳು.

ಎಲ್ಸಿ ಸತ್ತದ್ದು ನೆಲವೇ ಉರಿದ ವರ್ಷ. ಅಲ್ಲಿಯ ಗಂಬುಟ್ ನೆಲವೆಂದರೆ ಆಳದವರೆಗೂ ಬರೀ ಕೊಳೆತ ಎಲೆ, ಬೇರು, ನೀರು. ಯಾರೋ ಪುಣ್ಯಾತ್ಮರು ಮರ ಸಾಗಿಸಲು ಕಾಲುವೆ ತೋಡಿ ಆ ನೀರನ್ನೆಲ್ಲ ಹೊಳೆಗೆ ಬಿಟ್ಟರು. ಒಣಗಿದ ನೆಲಕ್ಕೆ ಕಿಡಿ ಬಿತ್ತು, ತಿಂಗಳುಗಟ್ಟಲೆ ಕಾಲಡಿಯೇ ಉರಿಯಿತು. ಈಗ ಆ ಕಾಲುವೆಗೆ ಅಡ್ಡಗಟ್ಟೆ ಕಟ್ಟಿ, ಸಸಿ ನೆಟ್ಟು, ಅಳಿದುಳಿದ ಪ್ರಾಣಿಗಳನ್ನು ಕಾಯುವ ಕೆಲಸ ಎಲ್ಸಿಯವ್ವನದು, ಅವಳ ತಮ್ಮ ಟಾರುಂಗನದು. ಬೆಳಿಗ್ಗೆ ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಕಾಡು ತೋರಿಸುವುದೂ ಅವರೇ.

ಸುಟ್ಟ ಕಾಡಿನಲ್ಲಿ ತೋರಿಸುವುದೇನು, ಮಣ್ಣು? ಇದ್ದದ್ದು ಒಂದು ಗಂಡು ಕಲಾವೆಟ್. ಬಾಲವಿಲ್ಲದ, ನೀಳ ತೋಳಿನ ವಾನರ. ಬೆಳಗಾದರೆ ಈ ಜಾತಿಯ ಜೋಡಿ ಸೇರಿ ಹಾಡಬೇಕು: ಹೆಣ್ಣು ಕೂಗನ್ನು ಉದ್ದಕ್ಕೆ ಎಳೆಯುತ್ತದೆ, ಗಂಡು ಅದರ ಕೊನೆ ಮುಟ್ಟಿಸುತ್ತದೆ. ಇದರ ಹೆಣ್ಣು ಬೆಂಕಿಯಲ್ಲಿ ಹೋಗಿತ್ತು. ಒಂದು ದಿನ ಪ್ರವಾಸಿಗರ ಸಪ್ಪೆ ಮುಖ ನೋಡಲಾರದೆ ಎಲ್ಸಿಯವ್ವನೇ ಹೆಣ್ಣಿನ ಕೂಗು ಕೂಗಿದಳು. ಅಬ್ಬಬ್ಬಾ, ಕೊಂಬೆ ಮುರಿಯುವಂತೆ ಓಡಿಬಂತು ಗಂಡು! ಚಪ್ಪಾಳೆಯೋ ಚಪ್ಪಾಳೆ. ಅಂದಿನಿಂದ ಅದೇ ಆಟ. ದೋಣಿ ದಿನವೂ ತುಂಬತೊಡಗಿತು.

ದೂರದ ಹಸಿರು ಕಾಡಿನಿಂದ ಒಂಟಿ ಹೆಣ್ಣೊಂದು ಕೂಗುತ್ತಿತ್ತು. ಗಂಡು ಅತ್ತ ಕಿವಿಗೊಡಲಿಲ್ಲ. ಮೇವು ಬಿಟ್ಟು, ದಡದ ಮರಕ್ಕೆ ಅಂಟಿಕೊಂಡು ದೋಣಿಯ ದಾರಿ ಕಾಯುತ್ತಿತ್ತು.

"ಸೊರಗಿ ಕಡ್ಡಿ ಆಗಿದೆ ಅಕ್ಕ, ಸಾಕು ಮಾಡು," ಅಂದ ಟಾರುಂಗ್.

"ಸಾಕು ಮಾಡಿದ್ರೆ ಜನ ನಿನ್ನ ಮೂತಿ ನೋಡೋಕೆ ಬರ್ತಾರಾ?"

ಒಂದು ಬೆಳಿಗ್ಗೆ ಅವಳ ಗಂಟಲು ಕಟ್ಟಿತು. ದೋಣಿ ತುಂಬ ಜನ.

"ಬೆಂಕಿಗೆ ಮುಂಚೆ ನಿನ್ನ ಫೋನಲ್ಲಿ ಹಿಡಿದಿಟ್ಟಿದ್ಯಲ್ಲ, ಇವೆರಡರ ಹಾಡು? ಹಾಕೋ."

"ಅದು ಬೇಡ ಅಕ್ಕ."

"ಯಾಕೆ, ಸವೆದುಹೋಗುತ್ತಾ?" ಅಂತ ಕಿತ್ತುಕೊಂಡು ತಾನೇ ಹಾಕಿದಳು.

ಸತ್ತ ಹೆಣ್ಣಿನ ಕೂಗು ಹೊಳೆಯ ಮೇಲೆ ಎದ್ದಿತು. ಗಂಡು ಹಾರಿಬಂದು ದೋಣಿಯ ಮೇಲಿನ ಕೊಂಬೆಗೇ ಜೋತುಬಿತ್ತು. ಹಾಡು ಮುಗಿಯಿತು. ಫೋನು ನಿಲ್ಲಲಿಲ್ಲ, ಅದರೊಳಗಿಂದ ಎಲ್ಸಿ ಕರೆದಳು.

"ಅವ್ವಾ! ಎಲ್ಲಿದ್ದೀಯೇ? ಬೇಗ ಬಾ, ಕೇಳು!"

"ಬಂದೆ ಕಣೇ!" ಅಂದವಳೇ ಎಲ್ಸಿಯವ್ವ ಧಡಕ್ಕನೆ ಎದ್ದು ದಡದ ಕಡೆ ತಿರುಗಿದಳು. ದೋಣಿ ವಾಲಿತು. ದಡದಲ್ಲಿ ಕರಿ ಬುಡಗಳು ಬಿಟ್ಟು ಏನೂ ಇರಲಿಲ್ಲ. ತಲೆಯ ಮೇಲೆ ಗಂಡು ಕಲಾವೆಟ್ ಕತ್ತು ಚಾಚಿ ಅದೇ ದಡವನ್ನು ಹುಡುಕುತ್ತಿತ್ತು. ಇದೂ ಆಟದಲ್ಲೇ ಸೇರಿದ್ದೆಂದು ಯಾರೋ ಚಪ್ಪಾಳೆ ತಟ್ಟಿದರು.

ಅಯ್ಯೋ ಪಾಪಿ, ಇದಕ್ಕೆ ದಿನಾ ನಾನು ಮಾಡಿದ್ದು ಇದೇನಾ, ಅಂದುಕೊಂಡು ಫೋನು ಆರಿಸಿದಳು.

ಮರುದಿನದಿಂದ ಅವಳು ಕೂಗಲಿಲ್ಲ. "ಇದರ ಹೆಣ್ಣು ಸತ್ತಿದೆ. ಇಷ್ಟು ದಿನ ಕೂಗಿದ್ದು ನಾನು," ಅಂತ ಬಂದವರಿಗೆಲ್ಲ ಹೇಳಿದಳು. ಗಂಡು ಹಾಡುವುದು, ಹೆಣ್ಣಿನ ಸರದಿಗೆ ನಿಲ್ಲಿಸಿ ಕಾಯುವುದು. ಅವಳ ಗಂಟಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ತಲೆಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದಳು. ದೋಣಿ ಅರ್ಧ ಖಾಲಿಯಾಯಿತು.

ಕೊನೆಗೊಂದು ಬೆಳಿಗ್ಗೆ ದಡದ ಮರ ಬರಿದಾಗಿತ್ತು. ದೂರದ ಹಸಿರು ಕಾಡಿನಿಂದ ಎರಡು ದನಿ ಕೇಳಿತು.

"ಜೊತೆ ಸಿಕ್ತು ಅಕ್ಕ! ಕೇಳಿಸ್ತಾ?" ಟಾರುಂಗ್ ಕುಣಿದಾಡಿದ.

ಅವಳು ಅತ್ತುಬಿಟ್ಟಳು, ನಕ್ಕಳು ಕೂಡ. ಆಮೇಲೆ ಕೈಚಾಚಿದಳು. "ಫೋನ್ ಕೊಡು."

"ಆ ಗಂಡಿಗೆ ಸತ್ತವಳ ಕೂಗು ಬಿಡಿಸಿದ್ಯಲ್ಲ, ನೀನೂ ಬಿಡಕ್ಕ."

"ಅದಕ್ಕೆ ಇನ್ನೊಂದು ಸಿಕ್ತು ಕಣೋ. ನನಗೆ ಯಾರು ಸಿಗ್ತಾರೆ?"

ಟಾರುಂಗ್ ಅದೇ ಹಾಡು ಹಾಕಿ ಫೋನ್ ಕೊಟ್ಟ. ಅವಳು ಅದನ್ನು ಕಿವಿಗೊತ್ತಿಕೊಂಡು, ಸುಟ್ಟ ದಡದ ಕಡೆ ಮುಖ ಮಾಡಿ ಕೂತಳು.

"ಬಂದೆ ಕಣೇ," ಅಂದಳು ಮೆಲ್ಲಗೆ.