ಎಡಗೈ ಹುರಿ

ಕುರಿಯನ್ನು ಕುಂಡೆಯ ಮೇಲೆ ಕೂರಿಸಿ ಬೆನ್ನನ್ನು ಮೊಣಕಾಲಿಗೆ ಒರಗಿಸಿಕೊಂಡರೆ ಸಾಕು, ಎಂಥ ಪುಂಡ ಕುರಿಯಾದರೂ ಕಾಲು ಚೆಲ್ಲಿ ಸುಮ್ಮನಾಗುತ್ತದೆ. ಅಣ್ಣ ಹಾಗೆ ಕೂರಿಸಿಕೊಂಡು ಕತ್ತರಿ ಆಡಿಸುತ್ತಿದ್ದ. ಬಿದ್ದ ಉಣ್ಣೆಯನ್ನು ತಂಗಿ ಮೂಟೆಗೆ ತುಂಬುತ್ತಿದ್ದಳು. ಕೂದಲಿನಷ್ಟು ಸಪೂರ ನೂಲು ತೆಗೆಯುತ್ತಾಳೆಂದು ಮನೆಯವರು ಅವಳನ್ನು ಸಣ್ಣೆಳೆ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ನೂಲುವ ಕದಿರಿನ ಮುಂದಿನ ಚಾಪೆ ಅವಳದೇ.

ಪಟ್ಟಣದ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ತರಬೇತಿಯ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಸೇರಬೇಕು. ಅಣ್ಣ ಬೇಡವೆಂದವನಲ್ಲ. "ಅತ್ತಿಗೆಗೆ ನೂಲೋದು ಕಲಿಸಿಬಿಡು, ಮಾರನೇ ದಿನ ನಾನೇ ಬಸ್ ಹತ್ತಿಸ್ತೀನಿ" ಅಂದಿದ್ದ. ಕಲಿಸಲು ಕೂತು ಮೂರು ತಿಂಗಳಾಗಿತ್ತು. ಅತ್ತಿಗೆ ಎಡಚಿ. ಅವಳ ಕದಿರಿನಿಂದ ಬರುತ್ತಿದ್ದುದೆಲ್ಲ ಗಂಟುಗಂಟು ಹಗ್ಗ.

"ಇದರಲ್ಲಿ ಎಮ್ಮೆ ಕಟ್ಟಬಹುದು" ಎಂದು ಅಣ್ಣ ನಗುತ್ತಿದ್ದ.

"ಮೊದಲು ನಿಮ್ಮನ್ನ ಕಟ್ಟಿ ನೋಡ್ತೀನಿ. ತಡೆದರೆ ಆಮೇಲೆ ಎಮ್ಮೆ" ಎನ್ನುತ್ತಿದ್ದಳು ಅತ್ತಿಗೆ.

ಈಗ ಮೂಟೆಯ ಬಾಯಿ ಕಟ್ಟಲು ದಾರ ಬೇಕಿತ್ತು. ಸಣ್ಣೆಳೆ ಉಗ್ರಾಣಕ್ಕೆ ಹೋದಳು. ಹಳೆಯ ಮೂಟೆಗಳ ಹಿಂದೆ ಕೈಯಾಡಿಸಿದಾಗ ಒಂದು ನೂಲಿನ ಉಂಡೆ ಸಿಕ್ಕಿತು. ಎಲ್ಲೂ ಗಂಟಿಲ್ಲ, ಏರುಪೇರಿಲ್ಲ. ತನ್ನದೇ ಇರಬೇಕೆಂದುಕೊಂಡು, ರೂಢಿಯಂತೆ ಎಳೆಯ ತುದಿಯನ್ನು ಹೆಬ್ಬೆರಳಿನಲ್ಲಿ ಹೊಸೆದಳು. ಬಿಗಿಯಾಗಬೇಕಾದ ಎಳೆ ಬಿಚ್ಚಿಕೊಂಡಿತು. ವಿರುದ್ಧ ದಿಕ್ಕಿಗೆ ಹೊಸೆದು ನೋಡಿದಳು. ಬಿಗಿಯಿತು.

ಎಡಗೈಯಲ್ಲಿ ನೂತರೆ ಮಾತ್ರ ಹುರಿ ಹೀಗೆ ಉಲ್ಟಾ ಬೀಳುತ್ತದೆ. ಆ ಮನೆಯಲ್ಲಿ ಎಡಗೈಯವಳು ಒಬ್ಬಳೇ.

ಬಾಗಿಲಲ್ಲಿ ಅತ್ತಿಗೆ ಬಂದು ನಿಂತಿದ್ದಳು, ತೋಳ ತುಂಬ ಉಣ್ಣೆ.

"ಯಾವಾಗ ಬಂತು ಕೈಗೆ?"

"ಎರಡನೇ ವಾರಕ್ಕೇ."

"ಹೇಳಬಹುದಿತ್ತಲ್ಲ ಅತ್ತಿಗೆ."

"ಹೇಳಿದ್ರೆ ನೀನು ಹೋಗ್ತಿದ್ದೆ." ಅತ್ತಿಗೆ ಉಣ್ಣೆಯನ್ನು ಕೆಳಗಿಡಲಿಲ್ಲ. "ನಿನ್ನ ಬದಲಿಗೆ ಕೂರೋಕೆ ನಾನು ಬಂದೆ. ನನ್ನ ಬದಲಿಗೆ ಯಾರು ಬರ್ತಾರೆ, ಹೇಳು?"

ಸಣ್ಣೆಳೆ ಉಂಡೆಯನ್ನು ಮುಂದೆ ಹಿಡಿದಳು. "ಮತ್ತೆ ಇದನ್ನ ಯಾಕೆ ನೂತಿರಿ?"

"ಬೇಕೂಂತ ಕೆಡಿಸಿ ಕೆಡಿಸಿ ಸಾಕಾಗಿತ್ತು. ಒಂದು ಸಲ ಸರಿಯಾಗಿ ನೂಲಬೇಕು ಅನ್ನಿಸ್ತು."

ಅಂಗಳದಿಂದ ಅಣ್ಣನ ದನಿ ಬಂತು. "ಏನೇ, ದಾರ ತರೋಕೆ ಹೋದೋಳು ನೂತೇ ತರ್ತೀಯೇನೇ?"

ಉಂಡೆ ಹಿಡಿದು ಹತ್ತು ಹೆಜ್ಜೆ ನಡೆದರೆ ಮುಗಿಯಿತು, ಸೋಮವಾರದ ಬಸ್ಸು ಅವಳದು. ಅತ್ತಿಗೆ ದಾರಿಗೆ ಅಡ್ಡ ನಿಂತಿರಲಿಲ್ಲ. ಬೇಡ ಅನ್ನಲೂ ಇಲ್ಲ. ಬಾಗಿಲಿನಿಂದ ಒಂದಿಷ್ಟು ಸರಿದು ಜಾಗವನ್ನೇ ಬಿಟ್ಟಳು. ಸಣ್ಣೆಳೆಯ ಕಣ್ಣು ಉಣ್ಣೆಯ ಕೆಳಗಿನಿಂದ ಕಾಣುತ್ತಿದ್ದ ಆ ಎಡಗೈ ಹೆಬ್ಬೆರಳಿನ ಮೇಲೆ ನಿಂತಿತು. ತುದಿಯ ಚರ್ಮ ಆಗಲೇ ಸೀಳಿತ್ತು, ತನ್ನ ಬಲಗೈಯದು ಸೀಳಿದ ಜಾಗದಲ್ಲೇ.

ಉಂಡೆಯನ್ನು ಮೂಟೆಗಳ ಹಿಂದೆ ಇದ್ದಲ್ಲಿಗೇ ತಳ್ಳಿದಳು. ಗಂಟುಗಂಟು ಹಗ್ಗದ ಒಂದು ತುಂಡು ಹುಡುಕಿ ಅಂಗಳಕ್ಕೆ ಬಂದಳು.

"ಇದೇ ಸಿಕ್ಕಿದ್ದಾ?" ಎಂದ ಅಣ್ಣ ನಗುತ್ತ. "ಇನ್ನೂ ಮೂರು ದಿನ ಇದೆ ಕಣೇ. ನಿನ್ನ ಅತ್ತಿಗೆ ಕಲೀತಾಳೆ ಅಂತೀಯಾ?"

ಕುರಿ ಅವನ ಮೊಣಕಾಲಿಗೆ ಒರಗಿ ಆಕಾಶ ನೋಡುತ್ತಿತ್ತು. ಸಣ್ಣೆಳೆ ಮೂಟೆಯ ಬಾಯಿ ಬಿಗಿದು ಗಂಟು ಹಾಕಿದಳು.

"ಅವರ ಕೈಗೆ ಬರಲ್ಲ ಬಿಡಣ್ಣ" ಅಂದಳು.