ಎಲ್ಮ್‌ಸ್ಟೋ ಊರಿನ ಮಣ್ಣು

ವಿಮಲಾ ಕುರ್ಚಿ ಹತ್ತಿ ನಿಂತು ಗೋಡೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಇಳಿಸುತ್ತಿದ್ದಳು. ಎಲ್ಲವೂ ಇಂಗ್ಲೆಂಡಿನ ಸಫೊಕ್ ಕೌಂಟಿಯ ಹಳೆಯ ಫೋಟೋಗಳು: ಕಲ್ಲಿನ ಚರ್ಚು, ಗೋರಿಗಳ ನಡುವೆ ಮೇಯುವ ಕುರಿ, ಕಮ್ಮಾರನ ಅಂಗಡಿಯ ಮುಂದೆ ನಿಂತ ಕುದುರೆಗಾಡಿ. ಗಂಡನ ಶವಪೆಟ್ಟಿಗೆ ಇನ್ನೇನು ಆಸ್ಪತ್ರೆಯಿಂದ ನೈರೋಬಿಯ ಲೊರೆಶೋದ ಈ ಮನೆಗೆ ಬರುವುದರಲ್ಲಿತ್ತು. ಮಂಡಿನೋವಿನ ಹೆಂಗಸು ಕುರ್ಚಿ ಹತ್ತುವ ಹೊತ್ತೇ ಅಲ್ಲ ಅದು. ಆದರೆ ಹೆದರಿದವರಿಗೆ ಮಂಡಿಯ ನೆನಪೆಲ್ಲಿರುತ್ತದೆ?

"ಅತ್ತೆ, ಏನ್ ಮಾಡ್ತಿದೀರ? ಬಿದ್ಗಿದ್ರೆ?" ಸೊಸೆ ಭಾವನಾ ಓಡಿಬಂದು ಕುರ್ಚಿ ಹಿಡಿದಳು.

"ಧೂಳು ಕೂತಿದೆ. ಜನ ಬರ್ತಾರೆ."

"ಒರೆಸಿದ್ರೆ ಆಯ್ತಪ್ಪ. ಮಾವಂಗೆ ಈ ಫೋಟೋ ಅಂದ್ರೆ ಪ್ರಾಣ. ಇವತ್ತೇ ತೆಗೆದ್ರೆ ಡೆಂಜಿಲ್ ಬೇಜಾರ್ ಮಾಡ್ಕೋತಾರೆ. ಹೆಲನ್ ಬೇರೆ ಏರ್‌ಪೋರ್ಟಿಂದ ನೇರ ಸಿಮಿಟ್ರಿಗೇ ಬರ್ತಿದಾರೆ, ಮಣ್ಣು ತಗೊಂಡು. ಆಮೇಲೆ ಮನೆಗೂ ಬರಲ್ವಾ?"

ಆ ಮಣ್ಣೇ ವಿಮಲಾಳ ಎದೆಯ ಮೇಲೆ ಕೂತಿದ್ದು. ಹೆಲನ್ ಸಫೊಕ್‌ನವಳು, ಇಲ್ಲಿನ ಚರ್ಚಿನಲ್ಲಿ ಪಿಯಾನೋ ನುಡಿಸುವವಳು, ರಜೆಗೆಂದು ತನ್ನೂರಿಗೆ ಹೋಗಿದ್ದಳು. ಅಪ್ಪ ತೀರಿದ ದಿನವೇ ಮಗ ಡೆಂಜಿಲ್ ಅವಳಿಗೆ ಫೋನು ಮಾಡಿದ್ದ. ಅಪ್ಪ ಹರೆಯದಲ್ಲಿ ಎರಡು ವರ್ಷ ಪಾಠ ಹೇಳಿದ ಎಲ್ಮ್‌ಸ್ಟೋ ಹಳ್ಳಿಗೆ ಹೋಗಿ, ಅಲ್ಲಿಯ ಚರ್ಚಿನ ಅಂಗಳದಿಂದ ಒಂದು ಹಿಡಿ ಮಣ್ಣು ತರಬೇಕು. ಗುಂಡಿಗೆ ಎಲ್ಲರೂ ಮಣ್ಣು ಹಾಕುವಾಗ ಮೊದಲ ಹಿಡಿ ಅದೇ ಆಗಬೇಕು. ಈ ಆಸೆಯನ್ನು ಅವನು ಚರ್ಚಿನಲ್ಲಿ ಎಲ್ಲರಿಗೂ ಹೇಳಿಯೂ ಬಿಟ್ಟಿದ್ದ.

ಆದರೆ ಗಂಡ ಜೋಸೆಫ್ ಮೇಷ್ಟ್ರು ಎಲ್ಮ್‌ಸ್ಟೋ ಇರಲಿ, ಇಂಗ್ಲೆಂಡಿಗೇ ಕಾಲಿಟ್ಟವರಲ್ಲ. ಅದು ಗೊತ್ತಿದ್ದುದು ಇಬ್ಬರಿಗೆ. ಈಗ ವಿಮಲಾ ಒಬ್ಬಳೇ ಉಳಿದಿದ್ದಳು. ಹೆಲನ್ ಆ ಊರಿಗೆ ಹೋದಮೇಲೆ ನಾಲ್ಕು ಜನರನ್ನು ವಿಚಾರಿಸದೆ ಇರುತ್ತಾಳೆಯೇ? ಸಮಾಧಿಯ ಅಂಚಿನಲ್ಲಿ, ಮಗನ ಎದುರಿಗೆ, ಅವಳ ಬಾಯಿಂದ ಏನು ಬರುತ್ತದೋ ಎಂದು ನೆನೆಯುತ್ತಾ ಇವಳು ಮುಂದಿನ ಫೋಟೋಗೆ ಕೈ ಹಾಕಿದಳು.

*

ಮೈಸೂರಿನಿಂದ ನೈರೋಬಿಗೆ ಬಂದ ಹೊಸತು. ವೆಸ್ಟ್‌ಲ್ಯಾಂಡ್ಸಿನ ಒಂದು ಖಾಸಗಿ ಶಾಲೆಯಲ್ಲಿ ಸಂದರ್ಶನ. ಹೆಡ್‌ಮಾಸ್ಟರ್ ವಯಸ್ಸಾದ ಇಂಗ್ಲಿಷಿನವನು. "ಇಂಗ್ಲೆಂಡಿನಲ್ಲಿ ಪಾಠ ಮಾಡಿದ ಅನುಭವ ಇದೆಯೇ?" ಎಂದು ಕೇಳಿದ. ಅವನ ತಲೆಯ ಹಿಂದೆ ಒಂದು ಚರ್ಚಿನ ಫೋಟೋ, ಕೆಳಗೆ ಊರಿನ ಹೆಸರು. ಜೋಸೆಫ್ ಅದನ್ನು ಓದಿದರು, ಓದಿದ್ದನ್ನೇ ಹೇಳಿದರು. ಹುಡುಗನಿದ್ದಾಗಲೇ ಆ ಊರು ಬಿಟ್ಟು ಬಂದಿದ್ದ ಮುದುಕನ ಕಣ್ಣು ತುಂಬಿಬಂತಂತೆ. ಸರ್ಟಿಫಿಕೇಟು ಕೇಳುವುದನ್ನೂ ಮರೆತ.

"ಯಾಕ್ರೀ ಹಾಗಂದ್ರಿ?" ಎಂದು ವಿಮಲಾ ಕೇಳಿದ್ದಳು.

"ಬಾಯಿಗ್ ಬಂದ್ಬಿಡ್ತು ಕಣೆ. ಕೆಲ್ಸ ಖಾಯಂ ಆಗ್ಲಿ, ಹೇಳ್ಬಿಡ್ತೀನಿ."

ಖಾಯಂ ಆಯಿತು. ಹೇಳಲಿಲ್ಲ. ಮುದುಕ ನಿವೃತ್ತನಾಗಿ ಹೊರಟಾಗ ತನ್ನಲ್ಲಿದ್ದ ಎಲ್ಮ್‌ಸ್ಟೋ ಫೋಟೋಗಳನ್ನೆಲ್ಲ ತಂದು, ಇವುಗಳ ಬೆಲೆ ನಿಮಗೊಬ್ಬರಿಗೇ ಗೊತ್ತು ಎಂದು ಇವರ ಕೈಗಿಟ್ಟ. ಸುಳ್ಳು ಹೀಗೆ ಕಟ್ಟು ಹಾಕಿಸಿಕೊಂಡು ಮನೆಯ ಗೋಡೆಗೇ ಬಂದು ಕೂತಿತು.

ಆಮೇಲೆ ಅವರು ಬಿಡಲಿಲ್ಲ. ಭೂತಗನ್ನಡಿ ಹಿಡಿದು ಒಂದೊಂದು ಫೋಟೋವನ್ನೂ ಅರೆದು ಕುಡಿದರು. ಚರ್ಚಿನ ಬಾಗಿಲ ಪಕ್ಕದ ನೀರಿನ ಪಂಪು, ಕಮ್ಮಾರನ ಮೂರು ಕಾಲಿನ ನಾಯಿ, ಎಲ್ಲವನ್ನೂ ನೆರೆಹೊರೆಯವರಿಗೆ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದರು. ಒಂದು ಸಲ ವಿಮಲಾಳೇ ಒಳಗೆ ಕರೆದು ಗದರಿದ್ದಳು. "ರೀ, ನಿಮ್ಮ ಕಾಲಕ್ಕೆ ಇಂಗ್ಲೆಂಡಲ್ಲಿ ಬರೀ ಕುದುರೆಗಾಡಿನಾ? ಒಂದಾದ್ರೂ ಕಾರು ಓಡಿಸ್ರೀ." ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಮುಂದಿನ ವಾರದಿಂದ ಎಲ್ಮ್‌ಸ್ಟೋದಲ್ಲಿ ಡಾಕ್ಟರರಿಗೆ ಒಂದು ಕಾರು ಬಂತು.

ಸಫೊಕ್‌ನವಳೊಬ್ಬಳು ಚರ್ಚಿಗೆ ಸೇರಿದ್ದಾಳೆಂದು ತಿಳಿದ ದಿನ ಅವರು ಜ್ವರವೆಂದು ಮುಸುಕೆಳೆದು ಮಲಗಿದರು. ಹೆಲನ್ ಹಣ್ಣು ಹಿಡಿದು ನೋಡಲಿಕ್ಕೇ ಬಂದಳು. ಫೋಟೋಗಳನ್ನು ಕಂಡವಳು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. ಅಲ್ಲಿಂದ ಪ್ರತಿ ಶನಿವಾರ ಬಂದು ಎಲ್ಮ್‌ಸ್ಟೋ ವಿಷಯ ಕೇಳುವುದು, ಇವರು ಬೆವರುತ್ತಾ ಹೇಳುವುದು. ಅವಳು ಹೋದಮೇಲೆ, "ಇವತ್ತೂ ಪಾರಾದೆ ಕಣೆ," ಎಂದು ಸೋಫಾದಲ್ಲಿ ಕುಸಿಯುತ್ತಿದ್ದರು. ಪಾಪ, ಒಂದು ದಿನವೂ ನೆಮ್ಮದಿಯಾಗಿ ಸುಳ್ಳು ಹೇಳಿದವರಲ್ಲ.

*

ಚರ್ಚಿನಲ್ಲಿ ಪೂಜೆ ಮುಗಿದು ಸಿಮಿಟ್ರಿಗೆ ಬಂದಾಗಲೂ ಹೆಲನ್ ಕಾಣಲಿಲ್ಲ. ನೈರೋಬಿಯ ಟ್ರಾಫಿಕ್ಕಿಗೆ ವಿಮಲಾ ಮೊದಲ ಸಲ ಒಳ್ಳೆಯದಾಗಲಿ ಅಂದುಕೊಂಡಳು.

"ಮಮ್ಮಿ, ಶೀ ಈಸ್ ಆಲ್‌ಮೋಸ್ಟ್ ಹಿಯರ್. ಫಾದರ್ ವಿಲ್ ವೇಟ್," ಎಂದ ಡೆಂಜಿಲ್.

"ಬೇಡ ಮಗಾ. ಬಿಸಿಲಲ್ಲಿ ಎಲ್ರೂ ನಿಂತಿದಾರೆ. ಮುಗಿಸ್ಬಿಡೋಣ."

"ಡ್ಯಾಡ್ ವುಡ್ ವಾಂಟ್ ಇಟ್, ಮಮ್ಮಿ."

ಅಷ್ಟರಲ್ಲಿ ಟ್ಯಾಕ್ಸಿ ಬಂದು ನಿಂತಿತು. ಹೆಲನ್ ಇಳಿದವಳು ಡೆಂಜಿಲ್ ಕಡೆಗೆ ಹೋಗದೆ ನೇರ ವಿಮಲಾಳ ಬಳಿ ಬಂದಳು. ತಬ್ಬಿಕೊಂಡು, ಹಾಗೆಯೇ ಮರದ ಮರೆಗೆ ನಡೆಸಿಕೊಂಡು ಹೋದಳು. ವಿಮಲಾ ಶಿಕ್ಷೆಗೆ ಹೊರಟವಳ ಹಾಗೆ ಹಿಂಬಾಲಿಸಿದಳು.

"ನಾನು ಎಲ್ಮ್‌ಸ್ಟೋಗೆ ಹೋಗಲಿಲ್ಲ ವಿಮಲಾ," ಎಂದು ಹೆಲನ್ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. "ಹೋಗಲಿಕ್ಕೆ ಆ ಊರೇ ಇಲ್ಲ. ದಂಡೆ ಕುಸಿದು ಚರ್ಚೂ ಬೀದಿಯೂ ಸಮುದ್ರಕ್ಕೆ ಹೋದವು. ಜೋಸೆಫ್ ಹುಟ್ಟುವುದಕ್ಕೂ ಮೊದಲು."

ವಿಮಲಾ ತಿರುಗಿ ಮಗನ ಕಡೆ ನೋಡಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲ ದಿನವೇ. ಜ್ವರ ಅಂತ ಮಲಗಿದ್ದರಲ್ಲ, ಆವತ್ತು."

"ಮತ್ತೆ ವಾರ ವಾರ ಬಂದು ಕೇಳ್ತಿದ್ರಲ್ಲ!"

"ಅದು ನನ್ನಜ್ಜಿಯ ಊರು. ಅಜ್ಜಿ ಹೋದಮೇಲೆ ಆ ನಾಯಿಯ ವಿಷಯ, ಆ ಪಂಪಿನ ವಿಷಯ ಮಾತಾಡುವವರು ಯಾರಿದ್ದರು ಹೇಳಿ. ಇವರೊಬ್ಬರು ಸಿಕ್ಕಿದರು." ಹೆಲನ್ ಕಣ್ಣೊರೆಸಿಕೊಂಡಳು. "ಹೇಳಿಬಿಟ್ಟರೆ ಅವರು ನಿಲ್ಲಿಸಿಬಿಡುತ್ತಿದ್ದರು."

ಅಷ್ಟು ವರ್ಷ ಹೆದರಿಸಿದವಳ ಎದುರು ವಿಮಲಾಳಿಗೆ ಒಮ್ಮೆಗೇ ಅಳು ಬಂತು. ಆದರೆ ಅಳು ಪೂರ್ತಿ ಹೊರಬರುವ ಮೊದಲೇ ಹೊಸ ಭಯ ಎದ್ದಿತು. ಊರೇ ಇಲ್ಲವಾದರೆ ಹೆಲನ್‌ಳ ಕೈಯಲ್ಲಿದ್ದ ಬಟ್ಟೆಯ ಚೀಲದಲ್ಲಿ ಏನಿದೆ? ಕೇಳುವಷ್ಟರಲ್ಲಿ ಡೆಂಜಿಲ್ ಬಂದು, "ಥ್ಯಾಂಕ್ ಯೂ, ಹೆಲನ್," ಎಂದು ಚೀಲ ತೆಗೆದುಕೊಂಡು ಹೋಗಿಬಿಟ್ಟ.

ಫಾದರ್ ಪ್ರಾರ್ಥನೆ ಮುಗಿಸಿದರು. ಎಲ್ಲರೂ ಡೆಂಜಿಲ್‌ನನ್ನೇ ನೋಡುತ್ತಿದ್ದರು. ಅವನು ಚೀಲದ ದಾರ ಬಿಚ್ಚಿ ಮಣ್ಣನ್ನು ಅಂಗೈಗೆ ಸುರಿದುಕೊಂಡ.

ಕೆಂಪು ಮಣ್ಣು. ಗುಂಡಿಯ ಪಕ್ಕದ ರಾಶಿಯ ಬಣ್ಣಕ್ಕೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಹೆಲನ್ ದಾರಿಯಲ್ಲೆಲ್ಲೋ ಟ್ಯಾಕ್ಸಿ ನಿಲ್ಲಿಸಿ ತುಂಬಿಕೊಂಡಿರಬೇಕು. ಬೇರೆ ಯಾರಿಗಾದರೂ ತಿಳಿಯುತ್ತಿರಲಿಲ್ಲವೇನೋ. ಆದರೆ ಡೆಂಜಿಲ್ ಇದೇ ಊರಿನ ಅಪ್ಪರ್ ಹಿಲ್‌ನಲ್ಲಿ ಕಟ್ಟಡಗಳಿಗೆ ಪಾಯ ತೋಡಿಸುವ ಎಂಜಿನಿಯರು. ಈ ಮಣ್ಣಿನಲ್ಲೇ ಅವನ ಊಟ.

ಅವನು ಬೆರಳಿನಿಂದ ಮಣ್ಣನ್ನು ತಿಕ್ಕಿ ನೋಡಿದ. ಹೆಲನ್‌ಳನ್ನು ನೋಡಿದ, ಅವಳು ತಲೆ ತಗ್ಗಿಸಿದಳು. ಆಮೇಲೆ ತಾಯಿಯನ್ನು ನೋಡಿದ. ವಿಮಲಾಳಿಗೆ ಕಣ್ಣು ತಪ್ಪಿಸಬೇಕೆನಿಸಿತು, ಆಗಲಿಲ್ಲ. ಮಗನ ಮುಖದಲ್ಲಿ ಒಂದೊಂದೇ ಅರ್ಥವಾಗುತ್ತಾ ಹೋಗುವುದನ್ನು ನಿಂತು ನೋಡುವುದಾಯಿತು.

"ಡೆಂಜಿಲ್," ಎಂದು ಫಾದರ್ ಮೆಲ್ಲಗೆ ಎಚ್ಚರಿಸಿದರು.

ಅವನು ಅಂಗೈ ಮುಚ್ಚಿ ಗುಂಡಿಯ ಅಂಚಿಗೆ ಬಂದ. "ಫ್ರಮ್ ಎಲ್ಮ್‌ಸ್ಟೋ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅರ್ಧ ಮಣ್ಣನ್ನು ಪೆಟ್ಟಿಗೆಯ ಮೇಲೆ ಹಾಕಿದ. ಉಳಿದರ್ಧವನ್ನು ತಾಯಿಯ ಅಂಗೈಗೆ ಸುರಿದು, ಅವಳ ಬೆರಳುಗಳನ್ನು ತನ್ನೆರಡೂ ಕೈಗಳಿಂದ ಬಿಗಿಯಾಗಿ ಮುಚ್ಚಿದ, ಯಾರಿಗೂ ಬಣ್ಣ ಕಾಣದ ಹಾಗೆ.